ಕಾರಣ ಕಾಣದ ಜ್ವರ: ಮಕ್ಕಳ ಮೂತ್ರನಾಳದ ಸೋಂಕಿನ ಚರಿತ್ರೆ

ಇತ್ತಲಾರಿನಲ್ಲಾಗಲಿ, ಎಮರಾಲ್ಡ್, ಮಂಜೂರು ಕಡೆಯ ಹಟ್ಟಿಗಳಲ್ಲಾಗಲಿ, ಎಂಟು ಹತ್ತು ತಿಂಗಳ ಕೂಸಿಗೆ ಜ್ವರ ಬಂದರೆ ಮನೆಯ ಹಿರಿಯರು ಮೊದಲು ಬಾಯಿ ತೆರೆಸಿ ನೋಡುತ್ತಾರೆ. ಒಸಡು ಕೆಂಪಗಾಗಿದ್ದರೆ ಅದು ಹಲ್ಲು ಬರುವ ಜ್ವರ. ಮೂಗು ಸೋರುತ್ತಿದ್ದರೆ ಶೀತದ ಜ್ವರ. ಎರಡೂ ಇಲ್ಲದಿದ್ದರೆ ಯಾರದೋ ಕಣ್ಣು ತಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದೂ ಉಂಟು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಪಶ್ಚಿಮ ದೇಶಗಳ ದೊಡ್ಡ ದೊಡ್ಡ ವೈದ್ಯರೂ ಬಹುಕಾಲ ಇಂಥ ಜ್ವರಕ್ಕೆ ಹಲ್ಲನ್ನೇ ಕಾರಣವೆಂದು ಹೇಳುತ್ತಿದ್ದರು. ಆದರೆ ಈ ಕಾರಣ ಕಾಣದ ಜ್ವರಗಳಲ್ಲಿ ಕೆಲವಕ್ಕೆ ಕಾರಣ ಬಾಯಲ್ಲೂ ಇರುವುದಿಲ್ಲ, ಮೂಗಿನಲ್ಲೂ ಇರುವುದಿಲ್ಲ, ಕೂಸಿನ ಮೂತ್ರದಲ್ಲಿರುತ್ತದೆ. ಜ್ವರವೆಂದು ವೈದ್ಯರ ಬಳಿಗೆ ಬಂದ ಶಿಶುಗಳನ್ನು ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಲೆಕ್ಕಹಾಕಿದಾಗ, ನೂರರಲ್ಲಿ ಸುಮಾರು ಏಳು ಶಿಶುಗಳಿಗೆ ಮೂತ್ರನಾಳದ ಸೋಂಕು ಇದ್ದದ್ದು ಕಂಡುಬಂತು.

ಏಳು ಎಂಬುದು ಸಣ್ಣ ಸಂಖ್ಯೆಯಂತೆ ಕೇಳಿಸಬಹುದು. ಆ ಏಳು ಕೂಸುಗಳಿಗೆ ಸಕಾಲದಲ್ಲಿ ಔಷಧ ಸಿಕ್ಕರೆ ಹತ್ತು ದಿನದೊಳಗೆ ಗುಣವಾಗುತ್ತದೆ. ಸಿಗದಿದ್ದರೆ ಕೆಲವರ ಮೂತ್ರಪಿಂಡದಲ್ಲಿ ಗಾಯದ ಕಲೆ ಉಳಿಯುತ್ತದೆ. ಅದು ಹೊರಗಿನಿಂದ ಯಾರಿಗೂ ಕಾಣದು. ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ರಕ್ತದೊತ್ತಡವಾಗಿಯೋ, ಹೆಣ್ಣುಮಕ್ಕಳಾದರೆ ಬಸಿರಿನಲ್ಲಿ ತೊಡಕಾಗಿಯೋ, ಅಪರೂಪಕ್ಕೆ ಮೂತ್ರಪಿಂಡವೇ ಸೋತು ಹೋಗುವ ಕಾಯಿಲೆಯಾಗಿಯೋ ಅದು ತಲೆಯೆತ್ತಬಹುದು. ಈ ಸಂಗತಿಯನ್ನು ವೈದ್ಯಲೋಕ ಹೇಗೆ ಒಂದೊಂದೇ ಹೆಜ್ಜೆಯಾಗಿ ಕಲಿತುಕೊಂಡಿತು, ಅದರಲ್ಲಿ ನಮ್ಮ ನೀಲಗಿರಿಯ ಪಾಲೇನು ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಪ್ರಾಚೀನರ ಮಾತು. ಮೂತ್ರದ ಬಾಧೆಗಳನ್ನು ನಮ್ಮ ಹಿಂದಿನ ವೈದ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಕಷ್ಟಪಟ್ಟು, ಉರಿಯೊಂದಿಗೆ ಮೂತ್ರ ಹೋಗುವುದನ್ನು ಮೂತ್ರಕೃಚ್ಛ್ರವೆಂದು ಕರೆದು, ಚರಕ ಸುಶ್ರುತರಿಬ್ಬರೂ ಅದರಲ್ಲಿ ಎಂಟು ಬಗೆಗಳನ್ನು ಎಣಿಸಿದ್ದಾರೆ. ಮೂತ್ರಕೋಶದ ಕಲ್ಲಿಗೆ ಅಶ್ಮರಿ ಎಂದು ಹೆಸರು. ಸುಶ್ರುತನು ಅಶ್ಮರಿಯ ಕುರಿತು ಹೇಳುವಾಗ ಒಂದು ಗಮನಾರ್ಹ ವಿಷಯವನ್ನು ತಿಳಿಸುತ್ತಾನೆ. ಈ ಕಲ್ಲು ಬಹುಮಟ್ಟಿಗೆ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ, ಅವರ ಆಹಾರದ ರೀತಿಯೇ ಅದಕ್ಕೆ ಕಾರಣ, ಮಕ್ಕಳ ಮೂತ್ರಕೋಶ ಚಿಕ್ಕದಾದ್ದರಿಂದ ಕಲ್ಲನ್ನು ಹಿಡಿದು ತೆಗೆಯುವುದೂ ಸುಲಭ ಎಂಬುದು ಅವನ ಅಭಿಪ್ರಾಯ. ಮಕ್ಕಳ ಮೂತ್ರದ ಕಾಯಿಲೆಗೂ ಅವರ ಊಟಕ್ಕೂ ಸಂಬಂಧವಿದೆ ಎಂಬ ಈ ಮಾತನ್ನು ನೆನಪಿಡಿ. ಎಷ್ಟೋ ಶತಮಾನಗಳ ನಂತರ ಇದೇ ಪ್ರಶ್ನೆಯನ್ನು ನಮ್ಮ ಕೂನೂರಿನಲ್ಲಿ ಮತ್ತೆ ಕೇಳಲಾಯಿತು.

ಕನ್ನಡ ಮಾತಾಡುವ ನಾಡಿನಲ್ಲಿ, ಅದಕ್ಕೆ ಹತ್ತಿರವಾದ ನುಡಿಯಿರುವ ಬಡಗರ ಹಟ್ಟಿಗಳಲ್ಲಿ ಈ ಬಾಧೆಗೆ ಮನೆಮಾತಿನ ಹೆಸರುಗಳಿವೆ. ಉರಿಮೂತ್ರ ಎನ್ನುತ್ತಾರೆ, ಮೈಗೆ ಕಾವು ಹೆಚ್ಚಾಗಿದೆ ಎನ್ನುತ್ತಾರೆ. ಹೊಕ್ಕುಳಿಗೆ ಹರಳೆಣ್ಣೆ ಹಚ್ಚುವುದು, ಜೀರಿಗೆ ನೀರು, ಬಾರ್ಲಿ ಗಂಜಿ ಕುಡಿಸುವುದು ನಮ್ಮಲ್ಲಿ ರೂಢಿ. ಹೆಚ್ಚು ನೀರು ಕುಡಿಸುವುದು ಒಳ್ಳೆಯದೇ. ಆದರೆ ಮಾತು ಬರುವ ಮಗು ಮಾತ್ರ ಉರಿಯುತ್ತದೆ ಎಂದು ಹೇಳಬಲ್ಲದು. ತೊಟ್ಟಿಲ ಕೂಸು ಹೇಳುವುದಾದರೂ ಹೇಗೆ? ಅದು ಅಳುತ್ತದೆ, ಹಾಲು ಬಿಡುತ್ತದೆ, ಜ್ವರದಿಂದ ಕುದಿಯುತ್ತದೆ. ಬಾಲಗ್ರಹವೆಂಬ ಹೆಸರಿನಲ್ಲಿ ಹಿಂದಿನವರು ಸೇರಿಸಿದ್ದ ಶಿಶುಗಳ ಅನೇಕ ಜ್ವರಗಳಲ್ಲಿ ಈ ಸೋಂಕೂ ಬೆರೆತಿದ್ದಿರಬೇಕು.

ಇನ್ನು ಹೊಸ ವೈದ್ಯದ ಕಥೆಗೆ ಬರೋಣ. 1881ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ವಿಲಿಯಂ ರಾಬರ್ಟ್ಸ್ ಎಂಬ ವೈದ್ಯ, ಆಗತಾನೇ ಹೊಯ್ದ ಮೂತ್ರದಲ್ಲಿಯೂ ರೋಗಾಣುಗಳಿರಬಹುದು ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದರು. ಇಟ್ಟ ಮೂತ್ರ ಕೆಡುವುದು ಎಲ್ಲರಿಗೂ ಗೊತ್ತಿತ್ತು. ದೇಹದೊಳಗೇ ಅದರಲ್ಲಿ ರೋಗಾಣು ಬೆಳೆದಿರಬಹುದೆಂಬುದು ಹೊಸ ಮಾತು. ನಾಲ್ಕು ವರ್ಷಗಳ ಮೇಲೆ, 1885ರಲ್ಲಿ, ಮ್ಯೂನಿಕ್ ನಗರದಲ್ಲಿದ್ದ ಮಕ್ಕಳ ವೈದ್ಯ ಥಿಯೋಡೋರ್ ಎಶೆರಿಕ್ ಎಳೆಯ ಶಿಶುಗಳ ಮಲವನ್ನು ಪರೀಕ್ಷಿಸುತ್ತ, ಆರೋಗ್ಯವಂತ ಕೂಸುಗಳ ಕರುಳಿನಲ್ಲೂ ಸಹಜವಾಗಿ ವಾಸಿಸುವ ಒಂದು ಕಡ್ಡಿಯಾಕಾರದ ರೋಗಾಣುವನ್ನು ಗುರುತಿಸಿದರು. 1894ರಲ್ಲಿ ಅವರೇ, ಮಕ್ಕಳ ಮೂತ್ರಕೋಶದ ಉರಿಯೂತಕ್ಕೆ ಇದೇ ಕರುಳಿನ ರೋಗಾಣು ಕಾರಣವೆಂದು ತೋರಿಸಿಕೊಟ್ಟರು. ಕರುಳಿನಲ್ಲಿ ಇದ್ದರೆ ನಿರುಪದ್ರವಿ, ಒಂದೆರಡು ಅಂಗುಲ ಆಚೆಯ ಮೂತ್ರದ ದಾರಿಗೆ ಬಂದರೆ ಉಪದ್ರವಿ. ಹೆಣ್ಣುಮಕ್ಕಳಲ್ಲಿ ಆ ದಾರಿ ಗಿಡ್ಡದಾದ್ದರಿಂದ ಅವರಿಗೆ ಈ ಸೋಂಕು ಹೆಚ್ಚು. ಹುಟ್ಟಿದ ಮೊದಲ ಕೆಲವು ತಿಂಗಳುಗಳಲ್ಲಿ ಮಾತ್ರ ಗಂಡು ಕೂಸುಗಳಲ್ಲಿ ಹೆಚ್ಚಾಗಿ ಕಾಣುತ್ತದೆ.

ಆ ರೋಗಾಣುವಿಗೆ ಎಶೆರಿಕಿಯಾ ಎಂಬ ಕುಲನಾಮ ಬಂದದ್ದು 1919ರಲ್ಲಿ. ಹೆಸರಿಟ್ಟವರು ನೆರೆಯ ಸಿಂಹಳದಲ್ಲಿ ಕೆಲಸ ಮಾಡಿದ್ದ ಕ್ಯಾಸ್ಟೆಲಾನಿ ಮತ್ತು ಚಾಮರ್ಸ್ ಎಂಬ ಇಬ್ಬರು ವೈದ್ಯರು. ಇಂದು ಪ್ರಯೋಗಾಲಯದ ಚೀಟಿಯಲ್ಲಿ ಇ. ಕೋಲೈ ಎಂದು ಬರೆದು ಕೊಡುವುದು ಇದನ್ನೇ. ಮಕ್ಕಳ ಮೂತ್ರನಾಳದ ಸೋಂಕುಗಳಲ್ಲಿ ಹತ್ತಕ್ಕೆ ಎಂಟರಷ್ಟಕ್ಕೆ ಇದೊಂದೇ ಕಾರಣ.

ಕಾರಣ ತಿಳಿಯಿತು, ಆದರೆ ಮದ್ದು ಇರಲಿಲ್ಲ. 1890ರ ದಶಕದಲ್ಲಿ ಮೆಥೆನಮೈನ್ ಎಂಬ ರಾಸಾಯನಿಕ ಬಂತು. ಮೂತ್ರ ಹುಳಿಯಾಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಇನ್ನು ಕೆಲವರು ಮೂತ್ರದ ಹುಳಿ ತೆಗೆಯಲೆಂದು ಪೊಟಾಸಿಯಂ ಸಿಟ್ರೇಟ್ ಕುಡಿಸುತ್ತಿದ್ದರು. ಒಬ್ಬರು ಹುಳಿ ಬೇಕೆಂದರೆ ಇನ್ನೊಬ್ಬರು ಬೇಡವೆನ್ನುವ ಕಾಲ ಅದು. 1930ರ ಸುಮಾರಿಗೆ ಅಮೆರಿಕದ ವೈದ್ಯರು ಬೆಣ್ಣೆ, ಕೆನೆಯಂಥ ಜಿಡ್ಡಿನ ಪದಾರ್ಥವನ್ನೇ ತುಂಬ ಕೊಟ್ಟು, ಅನ್ನ ರೊಟ್ಟಿಯನ್ನು ಬಹಳ ಕಡಿಮೆ ಮಾಡಿ, ಮೂತ್ರವನ್ನು ಹುಳಿಯಾಗಿಸಿ ರೋಗಾಣುವನ್ನು ಅಡಗಿಸಲು ಯತ್ನಿಸಿದರು. ಜ್ವರದಿಂದ ಬಾಯಿ ಕೆಟ್ಟ ಮಗುವಿಗೆ ಬೆಣ್ಣೆ ತಿನ್ನಿಸುವುದು ಎಂಥ ಪಾಡೆಂಬುದನ್ನು ತಾಯಂದಿರಿಗೆ ಹೇಳಬೇಕಾಗಿಲ್ಲ. 1935ರಲ್ಲಿ ಲಂಡನ್ನಿನಿಂದ ಮ್ಯಾಂಡೆಲಿಕ್ ಆಮ್ಲ ಬಂದು ಆ ಪಾಡನ್ನು ಸ್ವಲ್ಪ ತಪ್ಪಿಸಿತು. ಅದೇ ವರ್ಷ ಜರ್ಮನಿಯ ಗೆರ್ಹಾರ್ಡ್ ಡೋಮಾಕ್ ಪ್ರಾಂಟೋಸಿಲ್ ಎಂಬ ಮದ್ದಿನ ಗುಣವನ್ನು ಪ್ರಕಟಿಸಿದರು. ಅಲ್ಲಿಂದ ಸಲ್ಫಾ ಔಷಧಗಳ ಯುಗ ಶುರುವಾಯಿತು, ಹಿಂದೆಯೇ ಆಂಟಿಬಯೋಟಿಕ್‌ಗಳು ಬಂದವು. ಅದುವರೆಗೆ ಮಗುವಿನ ಮೂತ್ರಪಿಂಡಕ್ಕೆ ಏರಿದ ಸೋಂಕೆಂದರೆ ಜೀವಕ್ಕೇ ಅಪಾಯ.

ಈಗ ನಮ್ಮ ಬೆಟ್ಟಕ್ಕೆ ಬರೋಣ. ಕೂನೂರಿನ ಪಾಶ್ಚರ್ ಸಂಸ್ಥೆಯನ್ನು ಕೇಳದವರು ನೀಲಗಿರಿಯಲ್ಲಿ ಇರಲಾರರು. 1902ರಲ್ಲಿ ಲಿಲಿ ಪೇಕನ್ಹ್ಯಾಮ್ ವಾಲ್ಶ್ ಎಂಬ ಆಂಗ್ಲ ಯುವತಿ ಹುಚ್ಚುನಾಯಿ ರೋಗದಿಂದ ತೀರಿಕೊಂಡ ದುಃಖದ ಹಿನ್ನೆಲೆಯಲ್ಲಿ, ದಕ್ಷಿಣ ಭಾರತಕ್ಕೆಂದು 1907ರಲ್ಲಿ ತೆರೆದ ಸಂಸ್ಥೆ ಅದು. ಅದೇ ಆವರಣದ ಒಂದು ಕೋಣೆಯಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ ಬೆರಿಬೆರಿ ರೋಗದ ವಿಚಾರಣೆಗೆಂದು ಕುಳಿತರು. ಆ ಒಂದು ಕೋಣೆ ಬೆಳೆದು 1928ರಲ್ಲಿ ಪೌಷ್ಟಿಕಾಹಾರ ಸಂಶೋಧನಾಲಯವಾಯಿತು, ಮೆಕ್ಯಾರಿಸನ್ ಅದರ ಮೊದಲ ನಿರ್ದೇಶಕರಾದರು. 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದು ಹೆಸರಾದದ್ದು ಇದೇ.

ಮೆಕ್ಯಾರಿಸನ್ನರನ್ನು ಕಾಡಿದ ಪ್ರಶ್ನೆಗಳಲ್ಲಿ ಮೂತ್ರಕೋಶದ ಕಲ್ಲೂ ಒಂದು. ಆ ಕಾಲದಲ್ಲಿ ಪಂಜಾಬು, ಸಿಂಧ್ ಮುಂತಾದ ವಾಯವ್ಯ ಪ್ರಾಂತಗಳ ಆಸ್ಪತ್ರೆಗಳಲ್ಲಿ ಬಡವರ ಮನೆಯ ಗಂಡುಹುಡುಗರು ಮೂತ್ರಕೋಶದ ಕಲ್ಲಿನಿಂದ ಸಾಲುಸಾಲಾಗಿ ಬರುತ್ತಿದ್ದರು. ದಕ್ಷಿಣದಲ್ಲಿ ಆ ಕಾಯಿಲೆ ಅಷ್ಟಾಗಿ ಇರಲಿಲ್ಲ. ಯಾಕೆ ಹೀಗೆ? ಮೆಕ್ಯಾರಿಸನ್ ಕೂನೂರಿನಲ್ಲಿ ಬಿಳಿ ಇಲಿಗಳನ್ನು ಸಾಕಿ, ಗುಂಪುಗುಂಪಾಗಿ ಬೇರೆ ಬೇರೆ ಆಹಾರ ಕೊಟ್ಟು ನೋಡಿದರು. ಹೆಚ್ಚಿನ ಪಾಲು ಧಾನ್ಯದ ಹಿಟ್ಟೇ ಇದ್ದು ಎ ಜೀವಸತ್ವದ ಕೊರತೆಯಿದ್ದ ಆಹಾರ ತಿಂದ ಇಲಿಗಳ ಮೂತ್ರಕೋಶದಲ್ಲಿ ಕಲ್ಲು ಬೆಳೆಯಿತು. ಅದೇ ಆಹಾರಕ್ಕೆ ಹಾಲು ಸೇರಿಸಿದಾಗ ಕಲ್ಲು ಬೆಳೆಯಲಿಲ್ಲ. ಭಾರತದಲ್ಲಿ ಕಲ್ಲಿನ ಕಾರಣ ಎಂಬ ವಿಷಯವಾಗಿ ಅವರು 1931ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದರು. ಸುಶ್ರುತನು ಎತ್ತಿದ್ದ ಊಟದ ಮಾತಿಗೆ ಕೂನೂರಿನ ಇಲಿಗಳು ಸಾಕ್ಷಿ ಹೇಳಿದಂತಾಯಿತು.

ಕಲ್ಲಿಗೂ ಸೋಂಕಿಗೂ ಏನು ನಂಟು ಎಂದು ನೀವು ಕೇಳಬಹುದು. ಕಲ್ಲಿದ್ದಲ್ಲಿ ಮೂತ್ರ ಸರಾಗವಾಗಿ ಹರಿಯುವುದಿಲ್ಲ, ನಿಂತ ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆ. ಕೆಲವು ಬಗೆಯ ರೋಗಾಣುಗಳು ತಾವೇ ಕಲ್ಲು ಕಟ್ಟಲು ಕಾರಣವಾಗುತ್ತವೆ. ಎ ಜೀವಸತ್ವ ತೀರ ಕಡಿಮೆಯಾದಾಗ ಮೂತ್ರಮಾರ್ಗದ ನುಣುಪಾದ ಒಳಪದರ ಚರ್ಮದಂತೆ ಒರಟಾಗುತ್ತದೆಂಬುದನ್ನು ಅಮೆರಿಕದ ಸಂಶೋಧಕರು 1925ರಲ್ಲೇ ಇಲಿಗಳಲ್ಲಿ ಕಂಡಿದ್ದರು. ಮೆಕ್ಯಾರಿಸನ್ ಹೇಳಿದ್ದೆಲ್ಲ ಕೊನೆಯ ಮಾತಾಗಲಿಲ್ಲ ಎಂಬುದನ್ನೂ ಹೇಳಬೇಕು. ಮಕ್ಕಳ ಮೂತ್ರಕೋಶದ ಕಲ್ಲಿಗೆ ಎ ಜೀವಸತ್ವ ಒಂದೇ ಕಾರಣವಲ್ಲ, ಹಾಲು ಮೊಟ್ಟೆಗಳಿಲ್ಲದೆ ಬರೀ ಧಾನ್ಯದ ಮೇಲೆ ಬೆಳೆಯುವುದು, ಭೇದಿಯಿಂದ ಮೈಯ ನೀರು ಬತ್ತುವುದು, ನೀರು ಸಾಲದೆ ಮೂತ್ರ ಗಟ್ಟಿಯಾಗುವುದು, ಇವೆಲ್ಲ ಸೇರಿ ಕಲ್ಲಾಗುತ್ತದೆ ಎಂದು ಮುಂದಿನವರು ಕಂಡುಕೊಂಡರು. ಊಟ ಸುಧಾರಿಸಿದ ಕಡೆಗಳಲ್ಲಿ ಆ ಕಾಯಿಲೆ ತಾನಾಗಿ ಹಿಂಜರಿಯಿತು. ಮಗುವಿನ ಮೂತ್ರದ ಆರೋಗ್ಯಕ್ಕೂ ತಟ್ಟೆ ಲೋಟಗಳಿಗೂ ನೇರ ಸಂಬಂಧವಿದೆಯೆಂಬ ಮೂಲ ಮಾತು ಮಾತ್ರ ನಿಂತಿದೆ.

ಔಷಧ ಕೈಗೆ ಬಂದ ಮೇಲೆ ಹೊಸ ಪ್ರಶ್ನೆ ಹುಟ್ಟಿತು. ಮೂತ್ರದಲ್ಲಿ ಕಂಡ ರೋಗಾಣು ನಿಜವಾಗಿ ಒಳಗಿನದೋ, ಹಿಡಿಯುವಾಗ ಚರ್ಮದಿಂದ ಸೇರಿದ್ದೋ? 1956ರಲ್ಲಿ ಬಾಸ್ಟನ್ ನಗರದ ಎಡ್ವರ್ಡ್ ಕ್ಯಾಸ್ ಎಂಬ ವೈದ್ಯ ಇದಕ್ಕೊಂದು ಅಳತೆ ಕೊಟ್ಟರು. ಒಂದು ಮಿಲಿಲೀಟರ್ ಮೂತ್ರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೋಗಾಣುಗಳಿದ್ದರೆ ಅದು ಸೋಂಕು ಎಂಬುದು ಆ ಅಳತೆ. ಮೂತ್ರ ಹಿಡಿದ ಬಗೆಯನ್ನು ನೋಡಿಕೊಂಡು ಇದನ್ನು ಆಮೇಲೆ ತಿದ್ದಿಕೊಂಡರೂ, ಪ್ರಯೋಗಾಲಯಗಳಲ್ಲಿ ಈ ಲಕ್ಷದ ಲೆಕ್ಕ ಈಗಲೂ ನಡೆಯುತ್ತದೆ. 1960ರ ದಶಕದಲ್ಲಿ ವರ್ಜೀನಿಯಾದ ಶಾಲೆಗಳಲ್ಲಿ ಕ್ಯಾಲ್ವಿನ್ ಕ್ಯೂನಿನ್ ಎಂಬ ವೈದ್ಯ ಇದೇ ಅಳತೆ ಹಿಡಿದು ಸಾವಿರಾರು ಮಕ್ಕಳ ಮೂತ್ರ ಪರೀಕ್ಷಿಸಿದಾಗ, ಯಾವ ಕಾಲದಲ್ಲಿ ನೋಡಿದರೂ ನೂರು ಬಾಲಕಿಯರಲ್ಲಿ ಸುಮಾರು ಒಬ್ಬಳ ಮೂತ್ರದಲ್ಲಿ ರೋಗಾಣು ಕಂಡಿತು. ಬಾಲಕರಲ್ಲಿ ಅದು ಬಹಳ ಅಪರೂಪ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಶಾಲೆಗೆ ಸೇರುವ ಮಕ್ಕಳನ್ನು ಕುರಿತು 1991ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಏಳು ವರ್ಷ ತುಂಬುವುದರೊಳಗೆ ನೂರಕ್ಕೆ ಸುಮಾರು ಎಂಟು ಹೆಣ್ಣುಮಕ್ಕಳಿಗೂ ಇಬ್ಬರು ಗಂಡುಮಕ್ಕಳಿಗೂ ಒಮ್ಮೆಯಾದರೂ ಈ ಸೋಂಕು ಬಂದಿರುತ್ತದೆ.

ಅಪಾಯದ ಮುಖ್ಯ ಕೊಂಡಿ ಸಿಕ್ಕಿದ್ದು 1960ರಲ್ಲಿ. ಲಂಡನ್ನಿನ ಹಾಡ್ಸನ್ ಮತ್ತು ಎಡ್ವರ್ಡ್ಸ್ ಎಂಬ ಇಬ್ಬರು ಎಕ್ಸ್‌ರೇ ತಜ್ಞರು ಸುರುಟಿ ಕುಗ್ಗಿದ ಮೂತ್ರಪಿಂಡಗಳನ್ನು ನೋಡುತ್ತ, ಅಂಥ ಮಕ್ಕಳಲ್ಲಿ ಅನೇಕರಿಗೆ ಮೂತ್ರ ಹಿಮ್ಮುಖವಾಗಿ ಹರಿಯುವುದನ್ನು ಗುರುತಿಸಿದರು. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಎರಡು ಕೊಳವೆಗಳು ಇಳಿದು ಬರುತ್ತವೆ. ಅವು ಕೂಡುವ ಬಾಯಲ್ಲಿ ಕದದಂಥ ಏರ್ಪಾಡಿದ್ದು, ಇಳಿದದ್ದು ಮೇಲೇರದಂತೆ ತಡೆಯುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಕದ ಸರಿಯಾಗಿ ಮುಚ್ಚುವುದಿಲ್ಲ. ಮೂತ್ರ ಹೊಯ್ಯುವಾಗ ಒಂದು ಪಾಲು ಕೆಳಗಿಳಿಯುವ ಬದಲು ಮೇಲಕ್ಕೇರುತ್ತದೆ. ಅದರಲ್ಲಿ ರೋಗಾಣುವಿದ್ದರೆ ಅದು ನೇರವಾಗಿ ಮೂತ್ರಪಿಂಡಕ್ಕೆ ಸೇರುತ್ತದೆ. ಸೋಂಕು ಬಂದ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗೆ ಹೀಗೆ ಹಿಮ್ಮುಖ ಹರಿವು ಇರುವುದುಂಟು. ಇನ್ನೊಂದು, ಗಂಡುಮಕ್ಕಳಲ್ಲಿ ಮಾತ್ರ ಬರುವ ತೊಂದರೆ. ಮೂತ್ರದ ದಾರಿಯಲ್ಲೇ ತೆಳುವಾದ ಪೊರೆಯೊಂದು ಅಡ್ಡ ನಿಂತು ಹರಿವನ್ನು ತಡೆಯುತ್ತದೆ. ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ಅಮೆರಿಕದ ಶಸ್ತ್ರವೈದ್ಯರು 1919ರಲ್ಲೇ ಇದನ್ನು ವಿವರಿಸಿದ್ದರು. ಗಂಡು ಕೂಸಿನ ಮೂತ್ರ ಧಾರೆಯಾಗಿ ಹಾರದೆ ತೊಟ್ಟುತೊಟ್ಟಾಗಿ ಬೀಳುತ್ತಿದ್ದರೆ, ಹೊಯ್ಯಲು ತಿಣುಕುತ್ತಿದ್ದರೆ, ದೊಡ್ಡವನಾದ ಮೇಲೆ ಸರಿಹೋಗುತ್ತದೆ ಎಂದು ಬಿಡಬಾರದು. ನಮ್ಮ ದೇಶದಲ್ಲಿ ಮಕ್ಕಳ ಮೂತ್ರಪಿಂಡ ಸೋಲುವುದಕ್ಕೆ ಮುಖ್ಯ ಕಾರಣಗಳಲ್ಲಿ ಇಂಥ ಹುಟ್ಟು ತಡೆಗಳೂ ಹಿಮ್ಮುಖ ಹರಿವೂ ಸೇರಿವೆ.

ಹಿಮ್ಮುಖ ಹರಿವು ಪತ್ತೆಯಾದ ಮೇಲೆ ವೈದ್ಯರು ಹುರುಪಿನಿಂದ ಮುನ್ನುಗ್ಗಿದರು. ಎಷ್ಟೋ ಮಕ್ಕಳಿಗೆ ಶಸ್ತ್ರಕ್ರಿಯೆ ಮಾಡಿ ಕದ ಸರಿಪಡಿಸಿದರು. ಇನ್ನೆಷ್ಟೋ ಮಕ್ಕಳಿಗೆ ವರ್ಷಗಟ್ಟಲೆ ದಿನಕ್ಕೊಂದು ಸಣ್ಣ ಪ್ರಮಾಣದ ಆಂಟಿಬಯೋಟಿಕ್ ಕೊಟ್ಟರು. ಯೂರೋಪು, ಅಮೆರಿಕಗಳ ಆಸ್ಪತ್ರೆಗಳು ಒಟ್ಟುಗೂಡಿ 1980ರ ದಶಕದಲ್ಲಿ ನಡೆಸಿದ ದೊಡ್ಡ ಅಧ್ಯಯನದಲ್ಲಿ, ಮೂತ್ರಪಿಂಡದ ಕಲೆ ತಡೆಯುವ ವಿಷಯದಲ್ಲಿ ಶಸ್ತ್ರಕ್ರಿಯೆಗೂ ಔಷಧಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕತ್ತರಿಸದೆ ಕಾಯಬಹುದಾದ ಮಕ್ಕಳೇ ಹೆಚ್ಚು ಎಂದಾಯಿತು. 2014ರಲ್ಲಿ ಅಮೆರಿಕದಲ್ಲಿ 607 ಮಕ್ಕಳ ಮೇಲೆ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ ಬಂತು. ದಿನನಿತ್ಯದ ಔಷಧದಿಂದ ಸೋಂಕು ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಎರಡು ವರ್ಷದ ಕೊನೆಗೆ ಮೂತ್ರಪಿಂಡದ ಕಲೆಗಳಲ್ಲಿ ವ್ಯತ್ಯಾಸವಿರಲಿಲ್ಲ, ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚಾದವು. ಬಾಧೆಯೇ ಇಲ್ಲದೆ ಮೂತ್ರದಲ್ಲಿ ರೋಗಾಣು ಕಂಡ ಬಾಲಕಿಯರಿಗೆ ಔಷಧ ಕೊಡುವುದರಿಂದ ಲಾಭವಿಲ್ಲವೆಂಬುದೂ ಅಷ್ಟರಲ್ಲಿ ಗೊತ್ತಾಗಿತ್ತು.

ಹಾಗಾದರೆ ಕಲೆ ತಡೆಯುವುದು ಹೇಗೆ? ಇದಕ್ಕೆ ಒಳ್ಳೆಯ ಉತ್ತರ 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿದೆ. ಜ್ವರದ ಸೋಂಕಾದ ಮಕ್ಕಳಲ್ಲಿ ಮುಂದೆ ಕಲೆ ಕಂಡವರು ಯಾರು, ಕಾಣದವರು ಯಾರು ಎಂದು ಅದರಲ್ಲಿ ಹೋಲಿಸಿ ನೋಡಿದರು. ಕಲೆ ಕಂಡ ಮಕ್ಕಳಲ್ಲಿ ಜ್ವರ ಬಂದು ಔಷಧ ಶುರುವಾಗುವ ಹೊತ್ತಿಗೆ ಸಾಮಾನ್ಯವಾಗಿ 72 ಗಂಟೆ ಕಳೆದಿತ್ತು, ಕಾಣದ ಮಕ್ಕಳಲ್ಲಿ 48 ಗಂಟೆ. ನಡುವಣ ಅಂತರ ಒಂದೇ ಒಂದು ದಿನ. ಹಲ್ಲಿನ ಜ್ವರವಿರಬೇಕು, ನಾಳೆ ಬಿಡುತ್ತದೆ, ನಾಡಿದ್ದು ನೋಡೋಣ ಎನ್ನುವುದರಲ್ಲಿ ಕಳೆದುಹೋಗುವ ದಿನ ಇದೇ. ವರ್ಷಗಟ್ಟಲೆ ಮಾತ್ರೆ ನುಂಗಿಸುವುದಕ್ಕಿಂತ ಜ್ವರದ ಎರಡನೆಯ ದಿನವೇ ಮೂತ್ರ ಪರೀಕ್ಷೆ ಮಾಡಿಸುವುದರಲ್ಲಿ ಹೆಚ್ಚು ಹಿತವಿದೆ.

ಭಾರತದ ಮಕ್ಕಳ ಮೂತ್ರಪಿಂಡ ತಜ್ಞರು 2001ರಲ್ಲಿ ಒಮ್ಮತದಿಂದ ಚಿಕಿತ್ಸೆಯ ಕ್ರಮವನ್ನು ಬರೆದು ಪ್ರಕಟಿಸಿದರು. 2011ರಲ್ಲಿ ಅದನ್ನು ಪರಿಷ್ಕರಿಸಿದರು, ಆಮೇಲೂ ತಿದ್ದುಪಡಿಗಳಾಗಿವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜುಗಳಲ್ಲಿ ಮಕ್ಕಳ ಮೂತ್ರಪಿಂಡಕ್ಕೆಂದೇ ಪ್ರತ್ಯೇಕ ವೈದ್ಯರಿದ್ದಾರೆ. ನಮ್ಮ ಊಟಿಯ ಸರ್ಕಾರಿ ವೈದ್ಯಕೀಯ ಕಾಲೇಜು 2022ರಲ್ಲಿ ಉದ್ಘಾಟನೆಯಾಯಿತು. ಆದರೆ ಮೊದಲ ಪರೀಕ್ಷೆಗೆ ಅಷ್ಟು ದೂರದ ಪ್ರಯಾಣವೂ ಬೇಕಿಲ್ಲ, ದೊಡ್ಡ ಯಂತ್ರವೂ ಬೇಕಿಲ್ಲ. ಪೀಟರ್ ಗ್ರೀಸ್ ಎಂಬ ರಸಾಯನಶಾಸ್ತ್ರಜ್ಞ 1879ರಲ್ಲಿ ನೈಟ್ರೈಟ್ ಎಂಬ ವಸ್ತುವನ್ನು ಬಣ್ಣದಿಂದ ಗುರುತಿಸುವ ಬಗೆಯನ್ನು ಕಂಡುಹಿಡಿದರು. ಇಂದು ಮೂತ್ರದಲ್ಲಿ ಅದ್ದುವ ಕಾಗದದ ಪಟ್ಟಿಯಲ್ಲಿರುವ ಒಂದು ಚೌಕ ಅದರ ಮರಿಮೊಮ್ಮಗನೇ ಸರಿ. ಪಟ್ಟಿಯ ಬಣ್ಣ ಎರಡು ನಿಮಿಷದಲ್ಲಿ ಬದಲಾಗುತ್ತದೆ. ಒಂದು ಎಚ್ಚರಿಕೆ: ಮೂತ್ರ ಕೆಲವು ಗಂಟೆ ಒಳಗೆ ನಿಂತರೆ ಮಾತ್ರ ಈ ಬಣ್ಣ ಬರುತ್ತದೆ. ಎಳೆಗೂಸು ಗಳಿಗೆಗೊಮ್ಮೆ ಹೊಯ್ಯುವುದರಿಂದ, ಬಣ್ಣ ಬರಲಿಲ್ಲವೆಂದ ಮಾತ್ರಕ್ಕೆ ಸೋಂಕಿಲ್ಲವೆನ್ನಲಾಗದು. ಆಗ ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕಳಿಸಬೇಕು. ಔಷಧ ಶುರುಮಾಡುವ ಮೊದಲೇ ಅದಕ್ಕೆ ಮೂತ್ರ ಹಿಡಿಯಬೇಕು. ಒಂದು ಗುಟುಕು ಆಂಟಿಬಯೋಟಿಕ್ ಒಳಗೆ ಹೋದರೂ ರೋಗಾಣು ಬೆಳೆಯದೆ, ನಿಜ ತಿಳಿಯದೆ ಹೋಗಬಹುದು.

ಕೂಸಿನ ಮೂತ್ರ ಹಿಡಿಯುವುದೇ ಒಂದು ಸಾಹಸ. ಅಂಟಿಸುವ ಚೀಲದಲ್ಲಿ ಹಿಡಿದದ್ದರಲ್ಲಿ ಚರ್ಮದ ರೋಗಾಣು ಬೆರೆತು ಸುಳ್ಳು ಉತ್ತರ ಬರುವುದು ಹೆಚ್ಚು. ತೊಳೆದು ಒರಸಿ, ನಡುವಣ ಧಾರೆಯನ್ನು ಶುದ್ಧವಾದ ಬಾಟಲಿಗೆ ಹಿಡಿಯುವುದು ಉತ್ತಮ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ವೈದ್ಯರು 2017ರಲ್ಲಿ ಒಂದು ಸರಳ ಉಪಾಯವನ್ನು ಪರೀಕ್ಷಿಸಿದರು. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಕೂಸಿನ ಕಿಬ್ಬೊಟ್ಟೆಯ ಕೆಳಗೆ ಮೆಲ್ಲಗೆ ತಿಕ್ಕಿದಾಗ ಐದು ನಿಮಿಷದೊಳಗೆ ನೂರರಲ್ಲಿ 31 ಕೂಸುಗಳು ಹೊಯ್ದವು, ತಿಕ್ಕದೆ ಕಾದಾಗ 12 ಮಾತ್ರ. ಕೂಸನ್ನು ಕಾಲ ಮೇಲೆ ಕೂರಿಸಿಕೊಂಡು ಉಶ್ ಉಶ್ ಎಂದು ಹೊಯ್ಯಿಸುವ ನಮ್ಮ ಅಜ್ಜಿಯರು ಈ ಸುದ್ದಿ ಕೇಳಿದರೆ ಇದೇನು ಮಹಾ ಎಂದಾರು.

ಶಾಲೆಗೆ ಹೋಗುವ ಮಕ್ಕಳ ಮಾತು ಬೇರೆ. ಇಲ್ಲಿ ತೊಂದರೆಯ ಬೇರು ಬಹಳ ಸಲ ಕಟ್ಟಡದಲ್ಲಿದೆ. ಕದವಿಲ್ಲದ, ನೀರಿಲ್ಲದ ಶೌಚಾಲಯಕ್ಕೆ ಹೋಗಲು ಹೇಸಿ, ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟ ಹುಡುಗಿ ಸಂಜೆ ನಾಲ್ಕರವರೆಗೆ ಮೂತ್ರ ತಡೆದುಕೊಂಡಿರುತ್ತಾಳೆ. ಹೋಗಬೇಕಾಗುತ್ತದೆ ಎಂಬ ಭಯಕ್ಕೆ ನೀರನ್ನೇ ಕುಡಿಯುವುದಿಲ್ಲ. ನೀಲಗಿರಿಯ ಚಳಿಯಲ್ಲಿ ಬಾಯಾರಿಕೆಯೂ ಕಡಿಮೆ, ಆದ್ದರಿಂದ ಇಲ್ಲಿ ಇದು ಇನ್ನಷ್ಟು ಸುಲಭವಾಗಿ ರೂಢಿಯಾಗುತ್ತದೆ. ಚಳಿಯಿಂದಲೇ ಸೋಂಕು ಬರುವುದಿಲ್ಲ. ಕುಡಿಯದಿರುವುದು, ತಡೆದುಕೊಳ್ಳುವುದು, ಮಲಬದ್ಧತೆ, ಈ ಮೂರು ಸೇರಿ ಅದಕ್ಕೆ ದಾರಿ ಮಾಡಿಕೊಡುತ್ತವೆ. ದೇಶದ ಎಲ್ಲ ಶಾಲೆಗಳಲ್ಲಿಯೂ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಆರು ತಿಂಗಳೊಳಗೆ ಇರಬೇಕೆಂದು ಸುಪ್ರೀಂ ಕೋರ್ಟು 2012ರ ಅಕ್ಟೋಬರಿನಲ್ಲಿ ಆದೇಶಿಸಿತು. 2014ರಲ್ಲಿ ಕೇಂದ್ರ ಸರ್ಕಾರ ಸ್ವಚ್ಛ ವಿದ್ಯಾಲಯದ ಯೋಜನೆ ಹೂಡಿತು. 2019ರಲ್ಲಿ ಕೇರಳದ ಶಾಲೆಗಳಲ್ಲಿ, ಅದನ್ನು ನೋಡಿ ಕರ್ನಾಟಕದಲ್ಲಿ, ಮಕ್ಕಳು ನೀರು ಕುಡಿಯಲೆಂದೇ ಬಾರಿಸುವ ನೀರಿನ ಗಂಟೆ ಬಂತು. ಕುಡಿಯಲು ಗಂಟೆ ಬಾರಿಸಿದ ಮೇಲೆ ಹೊಯ್ಯಲು ಕದವಿರುವ ಜಾಗವೂ ಇರಬೇಕಷ್ಟೆ. ಶೌಚಾಲಯ ಕಟ್ಟಿಸಿದ್ದು ದಾಖಲೆಯಲ್ಲಿದ್ದರೂ ಅದಕ್ಕೆ ಬೀಗ ಹಾಕಿದ್ದರೆ ಮಗುವಿಗೆ ಏನು ಬಂತು? ಶಾಲೆಯ ಸಭೆಗೆ ಹೋಗುವ ತಂದೆತಾಯಿಯರು ಅಂಕಪಟ್ಟಿಯ ಜೊತೆಗೆ ಇದನ್ನೂ ಒಮ್ಮೆ ಕಣ್ಣಾರೆ ನೋಡಿ ಬರಬೇಕು.

ನಮ್ಮ ಜಿಲ್ಲೆಗೆ ವಿಶೇಷವಾದ ಇನ್ನೊಂದು ಮಾತಿದೆ. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬ ವಿಜ್ಞಾನಿಗಳು ನೀಲಗಿರಿಯ ಜನರ ರಕ್ತ ಪರೀಕ್ಷಿಸಿ, ಇಲ್ಲಿನ ಆದಿವಾಸಿಗಳಲ್ಲಿ ಸಿಕಲ್ ಸೆಲ್ ಎಂಬ ಕುಡುಗೋಲಿನಾಕಾರದ ರಕ್ತಕಣದ ಗುಣ ಇರುವುದನ್ನು ಪ್ರಕಟಿಸಿದರು. ಭಾರತದಲ್ಲಿ ಈ ಗುಣ ಮೊದಲು ವರದಿಯಾದ ಕಡೆಗಳಲ್ಲಿ ನಮ್ಮ ಬೆಟ್ಟವೂ ಒಂದು. ತಂದೆ ತಾಯಿ ಇಬ್ಬರಿಂದಲೂ ಅದನ್ನು ಪಡೆದು ರೋಗವಾಗಿರುವ ಮಕ್ಕಳ ಮೂತ್ರಪಿಂಡ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅವರು ಹೆಚ್ಚು ಹೊಯ್ಯುತ್ತಾರೆ, ಹಾಸಿಗೆ ಒದ್ದೆ ಮಾಡುತ್ತಾರೆ, ಸೋಂಕಿಗೂ ಬೇಗ ಈಡಾಗುತ್ತಾರೆ. ಗುಡಲೂರು, ಮಸಿನಗುಡಿ, ಕೋತಗಿರಿ ಕಡೆಯ ಇಂಥ ಮಕ್ಕಳಿಗೆ ಜ್ವರ ಬಂದರೆ ಒಂದು ದಿನವೂ ಕಾಯಬಾರದು. ಹಾಸಿಗೆ ಒದ್ದೆಯಾಯಿತೆಂದು ಮಗುವನ್ನು ಗದರುವ ಮೊದಲು ಅದಕ್ಕೊಂದು ಕಾರಣವಿರಬಹುದೆಂದು ಯೋಚಿಸಬೇಕು.

ಕೊನೆಯದಾಗಿ, ಮನೆಯವರು ಗಮನಿಸಬೇಕಾದ ಲಕ್ಷಣಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಕಾರಣ ಏನೇ ಇರಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಒಂದೆರಡು ವರ್ಷದ ಮಗುವಿಗೆ ಕೆಮ್ಮು, ನೆಗಡಿ, ಭೇದಿ ಯಾವುದೂ ಇಲ್ಲದೆ ಜ್ವರ ಬಂದು ಎರಡನೆಯ ದಿನಕ್ಕೂ ಇಳಿಯದಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ ಎಂದು ನೀವೇ ವೈದ್ಯರನ್ನು ಕೇಳಬಹುದು. ಕಾರಣವಿಲ್ಲದೆ ವಾಂತಿ, ಹಾಲು ಬಿಡುವುದು, ತೂಕ ಏರದಿರುವುದು, ಹುಟ್ಟಿದ ಕೂಸಿನ ಕಾಮಾಲೆ ಬಹುದಿನ ಉಳಿಯುವುದು, ಇವುಗಳ ಹಿಂದೆಯೂ ಈ ಸೋಂಕು ಅಡಗಿರಬಹುದು. ದೊಡ್ಡ ಮಕ್ಕಳಲ್ಲಿ ಉರಿ, ಪದೇಪದೇ ಹೊಯ್ಯುವುದು, ಕಿಬ್ಬೊಟ್ಟೆ ಅಥವಾ ಸೊಂಟದ ನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು ಲಕ್ಷಣಗಳು. ಮನೆಯಲ್ಲಿ ಉಳಿದ ಹಳೆಯ ಔಷಧವನ್ನೋ ಪಕ್ಕದ ಮನೆಯ ಮಗುವಿಗೆ ಕೊಟ್ಟದ್ದನ್ನೋ ಕುಡಿಸಬಾರದು. ವೈದ್ಯರು ಬರೆದುಕೊಟ್ಟಷ್ಟು ದಿನ ಪೂರ್ತಿ ಕುಡಿಸಬೇಕು. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬಾರದು. ಹೆಣ್ಣುಮಗುವನ್ನು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಮೂತ್ರ ತಡೆಯಬಾರದೆಂದೂ ಮಲ ಕಟ್ಟಿದರೆ ಹೇಳಬೇಕೆಂದೂ ಮಗುವಿಗೆ ನಾಚಿಕೆಯಿಲ್ಲದಂತೆ ಕಲಿಸಬೇಕು.

ನೀಲಗಿರಿಯ ಮನೆಗಳಲ್ಲಿ ಬೆಳಗಾದರೆ ತಾಯಂದಿರು ಚಹದ ತೋಟಕ್ಕೋ ಕ್ಯಾರೆಟ್, ಆಲೂಗಡ್ಡೆಯ ಹೊಲಕ್ಕೋ ಹೋಗುತ್ತಾರೆ. ಕೂಸು ಅಜ್ಜಿಯ ಮಡಿಲಲ್ಲಿರುತ್ತದೆ. ಹಾಗಾಗಿ ಈ ಮಾತುಗಳನ್ನು ತಾಯಿಗೆ ಹೇಳಿದಷ್ಟೇ ಅಜ್ಜಿಗೂ ಹೇಳಬೇಕು. ದೃಷ್ಟಿ ತೆಗೆಯುವುದನ್ನು ಅವರು ಬೇಕಾದರೆ ತೆಗೆಯಲಿ. ಮರುದಿನ ಬೆಳಗ್ಗಿನ ಬಸ್ಸಿಗೆ ಕೂಸನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗುವುದನ್ನು ಮಾತ್ರ ಬಿಡದಿರಲಿ.